ಮಗ್ಗ, ಮಗ್ಗು

ಬೆಟಗೇರಿಯ ನಮ್ಮ ಓಣಿಯಲ್ಲಿ
ಅವ್ವನದು ಮಗ್ಗ, ನನ್ನದು ಮಗ್ಗು.
ಒಂದೇ ಕೋಣೆ. ಅಲ್ಲಿ ಕುಣಿಯೊಳಗೆ ಅವಳ ಕಾಲು,
ಇಲ್ಲಿ ಸ್ಟೂಲಿನ ಮೇಲೆ ನನ್ನ ಹೀಟ್ ಪ್ರೆಸ್ಸು.
ಅದನ್ನು ಹಚ್ಚಿದೊಡನೆ ಬಲ್ಬು ಮಂಕಾಗುತ್ತದೆ,
ಹರಿದ ಎಳೆ ಹುಡುಕುತ್ತ ಅವ್ವ ಬೈಯುತ್ತಾಳೆ.

ನೂರಾ ಎಂಬತ್ತು ಡಿಗ್ರಿ, ಮೂರು ನಿಮಿಷ.
ಕಾಗದ ಬಿಚ್ಚಿದರೆ ಮಗ್ಗಿನ ಮೈಮೇಲೆ
ಕಬ್ಬಿಣದ ಮುಖವಾಡದ ಆ ವೀರ,
ಹುಡುಗರು ರಾತ್ರಿ ಎರಡರ ತನಕ
ಹೆಬ್ಬೆರಳಲ್ಲಿ ಕುಣಿಸುವವನು.
ಕೆಳಗೆ ಅವನ ಹೆಸರು, ಅವನದೇ ಮುರುಕು ಅಕ್ಷರದಲ್ಲಿ.
ಇನ್ನೂರ ನಲವತ್ತೊಂಬತ್ತು ರೂಪಾಯಿ. ಕೊರಿಯರ್ ಬೇರೆ.

ಸೇಲಂಗೆ ಹೋದವು, ಗುವಾಹಾಟಿಗೆ ಹೋದವು,
ನಾನು ಭೂಪಟದಲ್ಲಿ ಹುಡುಕಬೇಕಾದ ಊರಿಗೂ.
ಐವತ್ತೊಂಬತ್ತು ಮಾರಿದ್ದೆ. ನಲವತ್ತೊಂದು ಉಳಿದಿದ್ದವು
ಆ ಮಂಗಳವಾರ ಪತ್ರ ಬಂದಾಗ.

ಇಂಗ್ಲಿಷಿನಲ್ಲಿತ್ತು. ಅವ್ವನಿಗೆ ಕನ್ನಡ ಮಾಡಿ ಓದಿದೆ:
'ನಮ್ಮ ಕಕ್ಷಿದಾರರ ಒಡೆತನದ ಗುರುತುಗಳನ್ನು
ತಾವು ಅನುಮತಿಯಿಲ್ಲದೆ ಬಳಸಿರುವುದು
ನಮ್ಮ ಗಮನಕ್ಕೆ ಬಂದಿದೆ.'
ಬಾಗಿಲೇ ಇಲ್ಲದ ನನ್ನ ಅಂಗಡಿಗೆ
ಹೊರಗಿನಿಂದ ಕೀಲಿ ಬಿದ್ದಿತ್ತು.
ಅವ್ವ ಲಾಳಿ ನಿಲ್ಲಿಸಿ ಕೇಳಿದಳು:
'ಅಷ್ಟು ದೂರದಿಂದ
ನಮ್ಮ ಓಣಿ ಕಾಣಸ್ತದೇನು ಅವರಿಗೆ?'

ಹುಬ್ಬಳ್ಳಿಯ ಮೇರವಾಡೆ ವಕೀಲರ ಆಫೀಸಿನಲ್ಲಿ
ಫ್ಯಾನು ಫೈಲುಗಳ ಕಿವಿ ಎತ್ತುತ್ತಿತ್ತು.
'ನೆಟ್ಟಿನ್ಯಾಗ ಇತ್ರೀ ಸರ, ಪುಕ್ಕಟ,' ಅಂದೆ.
'ಸ್ಟೇಶನ್ನಿನ್ಯಾಗ ಸೈಕಲ್ಲೂ ಇರ್ತಾವ.'
'ಅಭಿಮಾನಿಯ ಕಾಣಿಕೆ ಅಂತ ಸಣ್ಣಗ ಬರದೀನ್ರೀ.'
'ಅದು ಕಬೂಲಿ ಜವಾಬು ಆತು.'
'ಬಣ್ಣ ಬದಲಿಸಿದರ? ಹೆಸರಿನ್ಯಾಗ ಒಂದಕ್ಷರ ತಗದರ?'
ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.
'ಗಿರಾಕಿ ಅದನ್ನ ನೋಡಿ ಯಾರನ್ನ ನೆನಸ್ತಾನ?
ಅವರನ್ನ ನೆನಸಿದರ ಅದು ಅವರದು.
ನಿನ್ನ ನೆನಸಲಿ. ಅಷ್ಟ.'
ಫೀ ತೊಗೊಳ್ಳಲಿಲ್ಲ.
ಹುಡುಕುವವರಿಗೆ ಸಿಗಲೆಂದು ನಾನು ತುರುಕಿದ್ದ
ಹೆಸರುಗಳನ್ನೆಲ್ಲ ಎದುರಿಗೇ ಅಳಿಸಿಸಿದರು.
ಅಕ್ಷರದ ಫಾಂಟಿಗೂ ಒಬ್ಬ ಒಡೆಯನಿರುತ್ತಾನೆಂದು
ಆವತ್ತು ತಿಳಿಯಿತು.

ಉಳಿದ ನಲವತ್ತೊಂದನ್ನೂ ಉಜ್ಜಿದೆ.
ಬೂದಿ, ಲಿಂಬಿಹಣ್ಣು, ಕಬ್ಬಿಣದ ಜುಂಗು.
ಹೋಗಲಿಲ್ಲ. ಆ ಶಾಯಿ ಮೇಲೆ ಕೂಡುವುದಿಲ್ಲ,
ಆವಿಯಾಗಿ ಮೈಯೊಳಗೆ ಇಳಿಯುತ್ತದೆ.
ಅದಕ್ಕೇ ತಾನೆ ನಾನು
ಜೀವಮಾನ ಗ್ಯಾರಂಟಿ ಎಂದು ಬರೆದದ್ದು.
ಅವ್ವ ಒಂದೊಂದರಲ್ಲಿ ಒಂದೊಂದು ಬಣ್ಣದ ಕಂಡಿಕೆ ಇಟ್ಟಳು.
ಈಗ ವೀರರೆಲ್ಲ ಸಾಲಾಗಿ ನಿಂತು
ನೂಲು ಕಾಯುತ್ತಾರೆ.

ಕೆಲಸವಿಲ್ಲದ ತಿಂಗಳೊಂದು
ಅವಳ ದಡಿಯ ನಕ್ಷೆ ನೋಡುತ್ತ ಕೂತೆ.
ಚೌಕಳಿ ಹಾಳೆ. ಮನೆ ತುಂಬಿದರೆ ಎಳೆ ಮೇಲೆ,
ಖಾಲಿ ಬಿಟ್ಟರೆ ಎಳೆ ಕೆಳಗೆ.
ಅರೆ, ಹಳೆಯ ಗೇಮುಗಳ ಗೊಂಬೆಗಳೂ ಹೀಗೇ:
ಮನೆ ತುಂಬಿ, ಮನೆ ಬಿಟ್ಟು.
'ಈ ದಡಿ ಯಾರದಬೇ?'
'ಯಾರದಂದರ? ನೇದವರದು.'

ಗೋಡೆಯ ಹಲ್ಲಿ ಲೊಚಗುಟ್ಟಿತು.
ಅದನ್ನೇ ಬರೆದೆ.
ಹದಿನಾರು ಮನೆ ಉದ್ದ, ಹದಿನಾರು ಮನೆ ಅಗಲ,
ಬಾಯಲ್ಲಿ ಸೊಳ್ಳೆ. ಒಟ್ಟು ಮೂರು ಜೀವ,
ಅದರಲ್ಲೊಂದು ಬಾಲದ್ದು, ಕಡಿದರೂ ಬೆಳೆಯುವಂಥದು.
ಮೊದಲ ತಿಂಗಳು ನಾಲ್ಕು ಹೋದವು. ಆಮೇಲೆ ಹನ್ನೊಂದು.
ಆಮೇಲೆ ಯಾವುದೋ ಹಾಸ್ಟೆಲಿನ ಹುಡುಗಿಯರು
ಒಮ್ಮೆಲೇ ಅರವತ್ತು ಕೇಳಿದರು.

ನಿನ್ನೆ ದುರ್ಗದಬೈಲಿನಲ್ಲಿ ಗಿರಮಿಟ್ ತಿನ್ನುತ್ತ
ತಳ್ಳುಗಾಡಿಯ ಮೇಲೆ ಕಂಡೆ: ನನ್ನ ಹಲ್ಲಿ.
ಬಣ್ಣ ಬೇರೆ. ಬಾಲ ಅದೇ. ನೂರಾ ಇಪ್ಪತ್ತು ರೂಪಾಯಿ.
ಮಗ್ಗಿನ ತಳದಲ್ಲಿ ಒಂದು ಫೋನ್ ನಂಬರು.

ರಾತ್ರಿ ನೋಟೀಸು ಬರೆಯಲು ಕೂತೆ.
ಒಂದು ಸಾಲು ನನಗೆ ಬಾಯಿಪಾಠವಿತ್ತು:
ನಮ್ಮ ಗಮನಕ್ಕೆ ಬಂದಿದೆ.
ಮುಂದಿನದು ಬರಲಿಲ್ಲ. ನಂಬರು ಒತ್ತಿದೆ.

ಸಣ್ಣ ಹುಡುಗನ ದನಿ. ಅದರ ಹಿಂದೆ
ಮೂರು ನಿಮಿಷ ಮುಗಿದ ಪ್ರೆಸ್ಸು ಕೂಗುತ್ತಿತ್ತು.
'ಅಕ್ಕಾರ, ಅದು ನೆಟ್ಟಿನ್ಯಾಗ ಇತ್ರೀ...'
ಅವ್ವ ಕುಣಿಯೊಳಗಿಂದ ನನ್ನನ್ನೇ ನೋಡುತ್ತಿದ್ದಳು.
'ಮೊದಲ ಆ ಮಗ್ಗು ತಗಿ, ಹೊತ್ತತದ,' ಅಂದೆ.
ಆಮೇಲೆ ಕೇಳಿದೆ:
'ಎಷ್ಟು ಉಳದಾವು?'